ಮನೆಯ ತಂಪುಪೆಟ್ಟಿಗೆ: ಆಯ್ಕೆ, ಪೋಷಣೆ ಮತ್ತು ದೋಷ ಪರಿಹಾರ

ಬೇಸಿಗೆಯೆಂದರೆ ಏನೆಂಬುದನ್ನು ಯಾದಗಿರಿ, ಶಹಾಪುರ, ಸುರಪುರಗಳ ಜನರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಹಗಲೆಲ್ಲ ಕಾದ ಬಂಡೆಗಲ್ಲಿನ ಗುಡ್ಡಗಳೂ ಕಲ್ಲುಹಾಸಿನ ಮಾಳಿಗೆಗಳೂ ಇರುಳಿನಲ್ಲಿ ಆ ಕಾವನ್ನೇ ಹೊರಚೆಲ್ಲುತ್ತವೆ. 1958ರಲ್ಲಿ ಗೋದ್ರೆಜ್ ಸಂಸ್ಥೆಯು ಭಾರತದಲ್ಲಿ ರೆಫ್ರಿಜರೇಟರ್ ತಯಾರಿಕೆಯನ್ನು ಆರಂಭಿಸಿದಾಗ ಅದು ಸಿರಿವಂತರ ವೈಭವದ ವಸ್ತುವಾಗಿತ್ತು. ಇಂದು ಅದು ಶಿಕ್ಷಕನ ಮನೆಯಲ್ಲಿಯೂ ರೈತನ ಮನೆಯಲ್ಲಿಯೂ ಇದೆ. ಆದರೆ ಅದನ್ನು ಕೊಳ್ಳುವಷ್ಟು ಸುಲಭವಾಗಿ ಅದರ ಸ್ವಭಾವವನ್ನು ನಾವು ಅರಿತಿಲ್ಲ. ವ್ಯಾಕರಣ ಪಾಠ ಹೇಳುವವನಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಅರಿಯದೆ ಮಾಡಿದ ತಪ್ಪೊಂದು ನನ್ನನ್ನು ಈ ವಿಷಯದ ವಿದ್ಯಾರ್ಥಿಯನ್ನಾಗಿ ಮಾಡಿತು.

ಹಾಸ್ಯಕ್ಕಾಗಿ ಕೆಲವರು ಇದನ್ನು ‘ತಂಗಳು ಪೆಟ್ಟಿಗೆ’ ಎನ್ನುವುದುಂಟು. ‘ತಣ್’ ಮತ್ತು ‘ಕೂಳ್’ ಎಂಬೆರಡು ಪದಗಳು ಆದೇಶಸಂಧಿಯಿಂದ ಕೂಡಿ ‘ತಂಗೂಳ್’ ಆಗಿ, ಅದುವೇ ಕಾಲಾಂತರದಲ್ಲಿ ‘ತಂಗಳು’ ಆಯಿತು. ತಣ್ಣಗಾದ ಅನ್ನವೆಂಬುದೇ ಅದರ ಮೂಲಾರ್ಥ. ಆದರೆ ಈ ಪೆಟ್ಟಿಗೆಯಲ್ಲಿ ಇರುವುದು ನಿನ್ನೆಯ ಅನ್ನ ಮಾತ್ರವಲ್ಲ. ಎಷ್ಟೋ ಮನೆಗಳಲ್ಲಿ ಮಧುಮೇಹಿಗಳ ಇನ್ಸುಲಿನ್ ಔಷಧವೂ ಅಲ್ಲಿಯೇ ಇದೆ.

ನಮ್ಮ ತಾಯಿಯವರಿಗೂ ಇನ್ಸುಲಿನ್ ಅವಶ್ಯವಾಗಿತ್ತು. ತಂಪುಪೆಟ್ಟಿಗೆಯನ್ನು ತಂದಾಗ ನಾನು ಅದನ್ನು ಒಂದು ಕಪಾಟಿನಂತೆ ಭಾವಿಸಿ, ಅಡುಗೆಮನೆಯ ಒಲೆಯ ಹಿಂಬದಿಯ ಗೋಡೆಗೂಡಿನಲ್ಲಿ ಒತ್ತಿ ಇರಿಸಿದೆನು. ಬೇಸಿಗೆಯಲ್ಲಿ ತಂಪು ಸಾಲದೆನಿಸಿದಾಗ ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿ, ಔಷಧದ ಸೀಸೆಗಳನ್ನು ಮಂಜುಗೂಡಿಗೆ ತಾಗಿಸಿ ಇಟ್ಟೆನು. ಸೀಸೆಗಳು ಹೆಪ್ಪುಗಟ್ಟಿದವು. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದುದರಿಂದ ಅದನ್ನೇ ಬಳಸಿದೆವು. ವಾರದೊಳಗೆ ತಾಯಿಯವರ ರಕ್ತದ ಸಕ್ಕರೆ ಏರಿತು, ನಿಶ್ಶಕ್ತಿ ಆವರಿಸಿತು. ವೈದ್ಯರು ಮೊದಲು ಕೇಳಿದ ಪ್ರಶ್ನೆ, “ಔಷಧ ಎಲ್ಲಿ ಇಡುತ್ತೀರಿ?” ಎಂಬುದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ನಿರುಪಯೋಗಿಯೆಂದು ಅಂದು ತಿಳಿದೆನು. ಹೊಸ ಔಷಧದಿಂದ ತಾಯಿಯವರು ಚೇತರಿಸಿಕೊಂಡರು. ದೋಷ ಯಂತ್ರದ್ದಲ್ಲ, ನನ್ನದೇ.

ತತ್ತ್ವ

ತಂಪುಪೆಟ್ಟಿಗೆಯು ತಂಪನ್ನು ಉತ್ಪಾದಿಸುವುದಿಲ್ಲ. ಒಳಗಿನ ಕಾವನ್ನು ಹೊತ್ತು ಹೊರಗೆ ಹಾಕುತ್ತದೆ. ಈ ಒಂದು ಮಾತನ್ನು ಮನಗಂಡರೆ ಉಳಿದುದೆಲ್ಲ ತಾನೇ ತಿಳಿಯುತ್ತದೆ. ನಮ್ಮ ಮನೆಯ ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುವುದೇಕೆ? ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಅದಕ್ಕೆ ಬೇಕಾದ ಉಷ್ಣವನ್ನು ಒಳಗಿನ ನೀರಿನಿಂದ ಸೆಳೆದುಕೊಳ್ಳುತ್ತದೆ. ತಂಪುಪೆಟ್ಟಿಗೆಯ ತತ್ತ್ವವೂ ಇದೇ. ವ್ಯತ್ಯಾಸವೆಂದರೆ ಹರವಿಯ ಆವಿ ಗಾಳಿಯಲ್ಲಿ ಸೇರಿಹೋಗುತ್ತದೆ. ಇಲ್ಲಿ ಕೊಳವೆಯೊಳಗಿನ ದ್ರವವು ಆವಿಯಾಗಿ ಕಾವನ್ನು ಹೀರಿದ ಮೇಲೆ, ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕೊಳವೆಗಳಿಗೆ ಕಳಿಸುತ್ತದೆ. ಅಲ್ಲಿ ಅದು ಕಾವನ್ನು ಕೋಣೆಯ ಗಾಳಿಗೆ ಬಿಟ್ಟು ಮರಳಿ ದ್ರವವಾಗಿ ಒಳಬರುತ್ತದೆ. ಇಂಥ ಯಂತ್ರಕ್ಕೆ 1834ರಲ್ಲಿ ಜೇಕಬ್ ಪರ್ಕಿನ್ಸ್ ಎಂಬಾತನು ಪೇಟೆಂಟ್ ಪಡೆದನು. ಕೋಣೆಯ ಗಾಳಿಯೇ ಕಾದಿದ್ದರೆ ಯಂತ್ರವು ಕಾವನ್ನು ಯಾರಿಗೆ ಒಪ್ಪಿಸಬೇಕು? ಗೋಡೆಗೂಡಿನಲ್ಲಿ ಒತ್ತರಿಸಿದ್ದ ನನ್ನ ಪೆಟ್ಟಿಗೆಯ ಸಂಕಟ ಇದೇ ಆಗಿತ್ತು.

ಆಯ್ಕೆ

ನಾಲ್ಕೈದು ಜನರ ಕುಟುಂಬಕ್ಕೆ 180ರಿಂದ 250 ಲೀಟರ್ ಗಾತ್ರದ ಪೆಟ್ಟಿಗೆ ಸಾಕು. ಒಂದೇ ಬಾಗಿಲಿನ, ಮಂಜು ಕಟ್ಟುವ ಬಗೆಯದಕ್ಕೆ ಬೆಲೆಯೂ ವಿದ್ಯುತ್ ವೆಚ್ಚವೂ ಸಾಮಾನ್ಯವಾಗಿ ಕಡಿಮೆ. ಆದರೆ ಮಂಜನ್ನು ಆಗಾಗ ಕರಗಿಸುವ ಶ್ರಮವುಂಟು. ಫ್ರಾಸ್ಟ್ ಫ್ರೀ ಬಗೆಯಲ್ಲಿ ಆ ಶ್ರಮವಿಲ್ಲ.

ನಮ್ಮ ಸೀಮೆಯವರು ಮುಖ್ಯವಾಗಿ ಗಮನಿಸಬೇಕಾದುದು ಯಂತ್ರದ ಫಲಕದ ಮೇಲಿನ ಹವಾಮಾನ ವರ್ಗ. ‘ಎನ್’ ಎಂದಿದ್ದರೆ 32 ಡಿಗ್ರಿಯವರೆಗಿನ, ‘ಎಸ್‌ಟಿ’ ಎಂದಿದ್ದರೆ 38 ಡಿಗ್ರಿಯವರೆಗಿನ, ‘ಟಿ’ ಎಂದಿದ್ದರೆ 43 ಡಿಗ್ರಿಯವರೆಗಿನ ಕೋಣೆಗೆ ಅದು ತಕ್ಕುದು. ನಮಗೆ ‘ಟಿ’ ವರ್ಗವೇ ಬೇಕು.

ಎರಡನೆಯದು ನಕ್ಷತ್ರದ ಚೀಟಿ. ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಈ ಪದ್ಧತಿಯನ್ನು ಆರಂಭಿಸಿತು. ನಕ್ಷತ್ರಗಳ ಮಾನದಂಡವು ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹಳೆಯ ಚೀಟಿಯ ಐದು ನಕ್ಷತ್ರ ಹೊಸ ಚೀಟಿಯ ಐದಕ್ಕೆ ಸಮವಲ್ಲ. ಆದಕಾರಣ ಚೀಟಿಯ ವರ್ಷವನ್ನೂ, ವರ್ಷಕ್ಕೆ ತಗಲುವ ಯೂನಿಟ್ಟುಗಳನ್ನೂ ಓದಿ ಹೋಲಿಸಬೇಕು.

ಮೂರನೆಯದು ವಿದ್ಯುತ್ತಿನ ಏರಿಳಿತ. ಯಂತ್ರವು ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ತಾಳುವುದೆಂದು ಕೇಳಿ, ತಮ್ಮ ಓಣಿಯ ವಿದ್ಯುತ್ತು ಅದನ್ನು ಮೀರುವುದಾದರೆ ಸ್ಟೆಬಿಲೈಸರ್ ಇಡಬೇಕು.

ಸ್ಥಾನ

ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿ, ಪಡುವಣ ಬಿಸಿಲಿಗೆ ಕಾಯುವ ಗೋಡೆ, ಈ ಮೂರೂ ವರ್ಜ್ಯ. ಹಿಂದೆ ಹಾಗೂ ಪಕ್ಕಗಳಲ್ಲಿ ನಾಲ್ಕು ಅಂಗುಲ, ಮೇಲೆ ಸುಮಾರು ಒಂದು ಅಡಿ ತೆರವಿರಲಿ. ಇಂದಿನ ಅನೇಕ ಪೆಟ್ಟಿಗೆಗಳಲ್ಲಿ ಹೊರಗೊಳವೆಗಳು ಪಕ್ಕದ ತಗಡಿನೊಳಗೆ ಅಡಗಿರುವುದರಿಂದ ಪಕ್ಕಗಳು ಬಿಸಿಯಾಗುವುದು ಸಹಜ, ಅದಕ್ಕೆ ಅಂಜಬೇಕಾಗಿಲ್ಲ. ಅಡ್ಡಮಲಗಿಸಿ ಸಾಗಿಸಿದ ಪೆಟ್ಟಿಗೆಯನ್ನು ಒಂದು ದಿನ ನಿಲ್ಲಿಸಿಟ್ಟು ಆಮೇಲೆ ಚಾಲು ಮಾಡಬೇಕು. ಮೂರು ಮುಳ್ಳಿನ ಪ್ಲಗ್ಗೂ ಸರಿಯಾದ ಅರ್ಥಿಂಗೂ ಪ್ರಾಣರಕ್ಷಣೆಯ ವಿಷಯವಾದುದರಿಂದ ಅಲ್ಲಿ ಮಿತವ್ಯಯ ಸಲ್ಲದು.

ಪೋಷಣೆ

ಒಳಗಿನ ಉಷ್ಣತೆ 4 ಡಿಗ್ರಿಯ ಸುಮಾರಿನಲ್ಲಿಯೂ ಮಂಜುಗೂಡಿನದು ಶೂನ್ಯಕ್ಕಿಂತ 18 ಡಿಗ್ರಿ ಕೆಳಗೂ ಇರುವುದು ಯೋಗ್ಯ. ಗುಂಡಿಯ ಮೇಲಿನ ಅಂಕಿಗಳು ಡಿಗ್ರಿಗಳಲ್ಲ. ಅಂಕಿ ಹೆಚ್ಚಿದಂತೆ ಸಾಮಾನ್ಯವಾಗಿ ತಂಪು ಹೆಚ್ಚುವುದೆಂದಷ್ಟೇ ಅರ್ಥ. ಆದುದರಿಂದ ಒಂದು ಸಣ್ಣ ಉಷ್ಣತಾಮಾಪಕವನ್ನು ಒಳಗಿಡುವುದು ಜಾಣತನ.

ಮಂಜು ಕಾಲು ಅಂಗುಲ ದಪ್ಪವಾದೊಡನೆ ಕರಗಿಸಬೇಕು. ದಪ್ಪ ಮಂಜು ಕಂಬಳಿಯಂತೆ ಕಾವಿನ ಸಂಚಾರವನ್ನು ತಡೆಯುತ್ತದೆ. ಅದನ್ನು ಚಾಕುವಿನಿಂದ ಕೆತ್ತುವುದು ಮಹಾಪ್ರಮಾದ. ಓಜೋನ್ ಪದರವನ್ನು ಕೆಡಿಸುತ್ತಿದ್ದ ಹಳೆಯ ಅನಿಲಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಕೈಬಿಡಲಾಗಿದ್ದು, ಈಗಿನ ಅನೇಕ ಪೆಟ್ಟಿಗೆಗಳಲ್ಲಿ ಐಸೋಬ್ಯುಟೇನ್ ಎಂಬ ಉರಿಯುವ ಅನಿಲವಿದೆ. ಚಾಕು ತಾಗಿ ಕೊಳವೆ ತೂತಾದರೆ ಯಂತ್ರವೂ ಹಾಳು, ಅಪಾಯವೂ ಉಂಟು.

ಬಾಗಿಲಿನ ರಬ್ಬರ್ ಪಟ್ಟಿಯನ್ನು ಪರೀಕ್ಷಿಸಲು ಒಂದು ನೋಟನ್ನು ನಡುವಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಡಿಲವಾಗಿ ಬಂದರೆ ಪಟ್ಟಿ ಸೋತಿದೆ. ಹತ್ತಿಯ ಎಳೆಯೂ ಎರೆಮಣ್ಣಿನ ಧೂಳೂ ಹೊರಗೊಳವೆಗಳ ಮೇಲೆ ಕೂರುವುದರಿಂದ ವರ್ಷಕ್ಕೆ ಎರಡು ಸಲ ಪ್ಲಗ್ ತೆಗೆದು ಬ್ರಶ್ಶಿನಿಂದ ಒರೆಸಬೇಕು. ಹಿಂದಿನ ತಟ್ಟೆಯಲ್ಲಿ ನಿಲ್ಲುವ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಡೆಂಗೀ ಹರಡುವ ಸೊಳ್ಳೆ ಅಲ್ಲಿ ಮೊಟ್ಟೆಯಿಡುತ್ತದೆ. ಈರುಳ್ಳಿ, ಆಲೂಗಡ್ಡೆ, ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಳಿಗೆ ತಂಪುಪೆಟ್ಟಿಗೆ ಬೇಕಿಲ್ಲ.

ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯೊಳಗೆ, ನಡುವಿನ ಹಲಗೆಯಲ್ಲಿ, ಮಂಜುಗೂಡಿನಿಂದ ದೂರ ಇಡಬೇಕು. ವಿದ್ಯುತ್ತು ಹೋದಾಗ ಬಾಗಿಲು ತೆರೆಯದಿದ್ದರೆ ಒಳಗಿನ ತಂಪು ಸುಮಾರು 4 ಗಂಟೆ ನಿಲ್ಲುತ್ತದೆ. ಮಂಜುಗೂಡಿನಲ್ಲಿ ನೀರಿನ ಬಾಟಲಿಗಳನ್ನು ಹೆಪ್ಪುಗಟ್ಟಿಸಿಟ್ಟರೆ ಇನ್ನೂ ಅನುಕೂಲ. ಬಳಕೆಯಲ್ಲಿರುವ ಸೀಸೆಗೆ ನಮ್ಮ ಹಿರಿಯರ ಉಪಾಯವೂ ಒದಗುತ್ತದೆ: ಒಂದರೊಳಗೊಂದು ಎರಡು ಮಣ್ಣಿನ ಗಡಿಗೆಗಳು, ನಡುವೆ ಹಸಿ ಮರಳು, ಒಳಗಡಿಗೆಯಲ್ಲಿ ನೀರು ತಾಗದಂತೆ ಸೀಸೆ. ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಳೆಗಾಲದಲ್ಲಿ ಅಷ್ಟಾಗಿ ಅಲ್ಲ.

ದೋಷಗಳು, ಪರಿಹಾರ

ಯಂತ್ರವು ಸ್ತಬ್ಧವಾಗಿ, ದೀಪವೂ ಹತ್ತದಿದ್ದರೆ ಮೊದಲು ಪ್ಲಗ್, ಫ್ಯೂಸ್‌ಗಳನ್ನು ನೋಡಬೇಕು. ದೀಪ ಹತ್ತಿ, ಯಂತ್ರವು ಗುಂಯ್‌ಗುಟ್ಟಿ ‘ಟಕ್’ ಎಂದು ನಿಲ್ಲುತ್ತಿದ್ದರೆ ವೋಲ್ಟೇಜ್ ಕುಸಿದಿರಬಹುದು, ಇಲ್ಲವೆ ರಿಲೇ ಕೆಟ್ಟಿರಬಹುದು. ಕೂಡಲೇ ಆರಿಸಬೇಕು. ಹೋದ ವಿದ್ಯುತ್ತು ಮರಳಿದಾಗಲೂ ನಾಲ್ಕೈದು ನಿಮಿಷ ತಾಳಬೇಕು. ಕೊಳವೆಗಳೊಳಗಿನ ಒತ್ತಡ ಸಮನಾಗುವ ಮುನ್ನ ಚಾಲು ಮಾಡಿದರೆ ಕಂಪ್ರೆಸರ್ ಹೆಣಗುತ್ತದೆ.

ಎಡೆಬಿಡದೆ ಓಡಿಯೂ ತಂಪು ಬಾರದಿದ್ದರೆ ಮಂಜು, ರಬ್ಬರ್, ಧೂಳು, ಸ್ಥಾನ, ಈ ನಾಲ್ಕನ್ನು ಕ್ರಮವಾಗಿ ಪರೀಕ್ಷಿಸಬೇಕು. ಇವು ಸರಿಯಿದ್ದರೆ ಅನಿಲ ಸೋರಿರಬಹುದು. ಇಲ್ಲೊಂದು ಎಚ್ಚರಿಕೆ: ಅನಿಲವು ಎಣ್ಣೆಯಂತೆ ಖರ್ಚಾಗುವ ವಸ್ತುವಲ್ಲ. “ಗ್ಯಾಸ್ ಮುಗಿದಿದೆ, ತುಂಬುತ್ತೇನೆ” ಎನ್ನುವವನಿಗೆ “ಸೋರಿದ್ದು ಎಲ್ಲಿಂದ?” ಎಂದು ಮೊದಲು ಕೇಳಬೇಕು, ಸೋರಿಕೆಯನ್ನು ಮುಚ್ಚದೆ ತುಂಬಿಸಿದ ಹಣ ವ್ಯರ್ಥ. ಒಳಗೆ ನೀರು ನಿಂತರೆ ಹಿಂಗೋಡೆಯ ತೂತು ಕಟ್ಟಿರುತ್ತದೆ; ಬೆಚ್ಚನೆಯ ನೀರು ಬಿಟ್ಟು ತೆರವುಗೊಳಿಸಬಹುದು. ಮುಟ್ಟಿದರೆ ಜುಮ್ಮೆಂದರೆ ಮನೆಯ ಮೇನ್ ಸ್ವಿಚ್ ಆರಿಸಿ ಬಲ್ಲವರನ್ನು ಕರೆಸಬೇಕು.

ಈಗ ನಮ್ಮ ಮನೆಯಲ್ಲಿ ಪೆಟ್ಟಿಗೆಯು ಗೋಡೆಗೂಡನ್ನು ಬಿಟ್ಟು ಪಡಸಾಲೆಯ ಬಡಗಣ ಮೂಲೆಗೆ ಬಂದಿದೆ. ಗುಂಡಿ ನಡುವಿನ ಅಂಕಿಯಲ್ಲಿದೆ. ತಾಯಿಯವರ ಔಷಧದ ಪಕ್ಕದಲ್ಲಿ ಉಷ್ಣತಾಮಾಪಕವಿದೆ. ಈ ಸಂಚಿಕೆಯ ವಾಚಕರಲ್ಲಿ ಯಾರ ಮನೆಯಲ್ಲಾದರೂ ಇನ್ಸುಲಿನ್ ಸೀಸೆ ಮಂಜುಗೂಡಿಗೆ ಒತ್ತಿಕೊಂಡಿದ್ದರೆ ಇಂದೇ ತೆಗೆದು ನೋಡಬೇಕು. ಹೆಪ್ಪುಗಟ್ಟಿದ್ದರೆ, ಹೆಪ್ಪುಗಟ್ಟಿ ಕರಗಿತೆಂಬ ಸಂದೇಹವಿದ್ದರೂ ಸರಿ, ಬೆಲೆಯನ್ನೆಣಿಸದೆ ಅದನ್ನು ತ್ಯಜಿಸಿ ಹೊಸದನ್ನು ತರಬೇಕೆಂದು ವಿನಂತಿಸುತ್ತೇನೆ.