ಕವಾಟದ ಬೆನ್ನಿನ ಮಸಿ

ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ಓದುಗರೊಬ್ಬರು, ತಾವು ಹೊಸದಾಗಿ ಕೊಂಡ ಪೆಟ್ರೋಲ್ ಕಾರಿನ ಮೇಲೆ ‘ಜಿಡಿಐ’ ಎಂಬ ಮೂರಕ್ಷರಗಳನ್ನು ಕಂಡು, ಇದರಿಂದ ಲಾಭವೆಷ್ಟು, ಕೇಡೆಷ್ಟು ಎಂದು ಕೇಳಿದ್ದಾರೆ.

ಸಾಮಾನ್ಯ ಎಂಜಿನ್ನಿನಲ್ಲಿ ಪೆಟ್ರೋಲು ಸಿಲಿಂಡರಿನ ಹೊರಗೆ, ಗಾಳಿ ಬರುವ ದಾರಿಯಲ್ಲಿಯೇ, ಮೂರು ನಾಲ್ಕು ಬಾರ್ ಒತ್ತಡದಲ್ಲಿ ಚಿಮ್ಮಿ ಗಾಳಿಯೊಡನೆ ಒಳಸೇರುತ್ತದೆ; ಜಿಡಿಐಯಲ್ಲಾದರೋ ಇನ್ನೂರು ಬಾರ್‌ಗಳಷ್ಟು ಪ್ರಬಲ ಒತ್ತಡದಿಂದ ನೇರವಾಗಿ ಸಿಲಿಂಡರಿನೊಳಕ್ಕೇ ಎರಗುತ್ತದೆ. ಆ ಹನಿಗಳು ಆವಿಯಾಗುವಾಗ, ಹೂಜಿಯ ಮೈಯಿಂದ ಆರುವ ನೀರು ಒಳಗಿನ ನೀರನ್ನು ತಣಿಸುವಂತೆ, ಒಳಗಣ ಗಾಳಿಯ ತಾಪವನ್ನು ಹೀರಿಕೊಳ್ಳುವುದರಿಂದ, ಕಿಡಿಯ ಜ್ವಾಲೆ ತಲುಪುವ ಮೊದಲೇ ಇಂಧನ ತಾನಾಗಿ ಹೊತ್ತಿ ಟಣಗುಟ್ಟುವ ‘ನಾಕಿಂಗ್’ ದೋಷವು ಹಿಂದೆ ಸರಿಯುತ್ತದೆ. ಆದಕಾರಣ ಗಾಳಿಯನ್ನು ಇನ್ನಷ್ಟು ಬಿಗಿಯಾಗಿ ಅದುಮಬಹುದು. ಒಂದು ಲೀಟರಿನ ಪುಟ್ಟ ಟರ್ಬೊ ಎಂಜಿನ್ನು ಕಾರ್ಕಳವನ್ನು ದಾಟಿ ಕುದುರೆಮುಖದ ಘಾಟಿಯನ್ನು ಅನಾಯಾಸವಾಗಿ ಏರುವುದಕ್ಕೆ ಇದೂ ಒಂದು ಕಾರಣ.

ಇದು ನಿನ್ನೆ ಮೊನ್ನೆಯ ಶೋಧವಲ್ಲ. 1950ರ ದಶಕದ ಆದಿಯಲ್ಲಿ ಜರ್ಮನಿಯ ಗುಟ್‌ಬ್ರೋಡ್ ಎಂಬ ಪುಟ್ಟ ಟೂ-ಸ್ಟ್ರೋಕ್ ಕಾರಿಗೆ ಈ ವಿಧಾನವನ್ನು ಒಗ್ಗಿಸಿದ ಹಾನ್ಸ್ ಷೆರೆನ್‌ಬರ್ಗ್, ತರುವಾಯ ಡೈಮ್ಲರ್-ಬೆಂಜ್ ಸಂಸ್ಥೆಗೆ ಮರಳಿದನು; 1954ರಲ್ಲಿ ಇದೇ ವಿಧಾನದ ಮರ್ಸಿಡಿಸ್ 300 ಎಸ್ಎಲ್ ಕಾರು ಲೋಕದ ಕಣ್ಣು ಕೋರೈಸಿತು. ಆದರೆ ಅದರ ಪಂಪು, ಕೀಲಿ ತಿರುಗಿಸಿದ ಮೇಲೂ ಎಂಜಿನ್ನು ಪೂರ್ಣ ನಿಲ್ಲುವತನಕ ಪೆಟ್ರೋಲನ್ನು ಸುರಿಯುತ್ತಲೇ ಇದ್ದು, ಎಂಜಿನ್ ಆಯಿಲನ್ನು ತೆಳ್ಳಗಾಗಿಸುತ್ತಿತ್ತು. ವಿದ್ಯುನ್ಮಾನ ನಿಯಂತ್ರಣದ ಬಲದಿಂದ 1996ರಲ್ಲಿ ಜಪಾನಿನ ಮಿತ್ಸುಬಿಷಿಯು ಈ ವಿದ್ಯೆಯನ್ನು ಮತ್ತೆ ಜನಸಾಮಾನ್ಯರ ಕಾರಿಗೆ ತಂದಿತು.

ಇನ್ನು ಕೇಡಿನ ಮಾತು. ಗುಳ್ಳದ ಗದ್ದೆಗೆ ನೀರುಣಿಸುವ ತೋಡಿನಲ್ಲಿ ದಿನವೂ ನೀರು ಹರಿಯುತ್ತಿದ್ದರೆ ಹೂಳು ನಿಲ್ಲುವುದಿಲ್ಲ. ನೀರನ್ನು ಪೈಪಿನಲ್ಲಿ ಬೇರೆಡೆಯಿಂದ ಹಾಯಿಸಿದರೆ ಅದೇ ತೋಡು ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಹಳೆಯ ಕ್ರಮದಲ್ಲಿ ಪೆಟ್ರೋಲು ಗಾಳಿಯ ಕವಾಟವನ್ನು, ಎಂದರೆ ವಾಲ್ವನ್ನು, ತೊಳೆಯುತ್ತಲೇ ಒಳಹೋಗುತ್ತಿತ್ತು. ಈಗ ಆ ಸ್ನಾನ ತಪ್ಪಿದೆ. ಎಂಜಿನ್ನಿನ ಒಡಲಿನಿಂದ ಮರಳಿ ಬರುವ ಆಯಿಲಿನ ಆವಿ ವಾಲ್ವಿನ ಬೆನ್ನಿಗಂಟಿ ಸುಟ್ಟು ಕರಿಗಟ್ಟುತ್ತದೆ. ಗ್ಯಾರೇಜೊಂದರಲ್ಲಿ ಬಿಚ್ಚಿಟ್ಟಿದ್ದ ಅಂಥ ವಾಲ್ವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ: ಉಗುರಿನಿಂದ ಕೆರೆದರೂ ಬಾರದ ಕರಿಯ ಹೊಪ್ಪಳೆ. ಅದನ್ನು ಬಿಡಿಸಲು ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಿಂದ ಹೊಡೆಯುತ್ತಾರೆ. ಇದಲ್ಲದೆ, ಆವಿಯಾಗದೆ ಪಿಸ್ಟನ್ನಿಗೆ ತಗುಲಿದ ಹನಿಗಳು ಸೂಕ್ಷ್ಮ ಮಸಿಯಾಗಿ ಹೊರಬರುತ್ತವೆ. 2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್-6 ನಿಯಮವು ಇಂಥ ವಾಹನಗಳ ಮಸಿಕಣಗಳ ಸಂಖ್ಯೆಗೂ ಮಿತಿ ಹಾಕಿರುವುದು ಉಚಿತವೇ ಆಗಿದೆ.

ಮಟ್ಟುವಿನಿಂದ ಕಟಪಾಡಿಗಷ್ಟೇ ಹೋಗಿಬರುವವರಿಗೆ ಹಳೆಯ ಕ್ರಮದ ಎಂಜಿನ್ನೇ ಸಾಕೆಂಬುದು ನನ್ನ ಅಭಿಪ್ರಾಯ. ಕಾರನ್ನು ಕೊಂಡೇ ಆಗಿರುವುದರಿಂದ, ಓದುಗ ಮಹಾಶಯರು ಕಂಪನಿ ಸೂಚಿಸಿದ ಆಯಿಲನ್ನೇ ಹಾಕಿಸಿ, ಅವಧಿ ಮೀರದಂತೆ ಬದಲಿಸುತ್ತಿರಲಿ. ಆಗಾಗ ಎಂಜಿನ್ನು ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಲಿ.