'ತಣ್ಣಗಿನ ಸೀಸನ್' ಎಂಬ ಸುಳ್ಳು ಸಮಾಧಾನ: ಚಂಡಮಾರುತಗಳನ್ನು ಎಣಿಸಿದರೆ ಸಾಲದು

ಹೂಸ್ಟನ್‌ನಲ್ಲಿರುವ ನನ್ನ ಎಂಜಿನಿಯರಿಂಗ್ ಕಾಲೇಜಿನ ಗೆಳೆಯ ಮೊನ್ನೆ ವಾಟ್ಸಾಪ್ ಮಾಡಿದ್ದ. "ಈ ಸಲ ಒಂದೂ ಹರಿಕೇನ್ ಬರ್ಲಿಲ್ಲ ಮಗಾ. ಫ್ಲಡ್ ಇನ್ಶೂರೆನ್ಸ್‌ಗೆ ಕಟ್ಟಿದ ದುಡ್ಡೆಲ್ಲ ದಂಡ. ಮುಂದಿನ ವರ್ಷ ರಿನ್ಯೂ ಮಾಡಲ್ಲ."

ಮೊದಲ ವಾಕ್ಯ ನಿಜ. ಜೂನ್ 1ರಂದು ಶುರುವಾಗುವ ಅಟ್ಲಾಂಟಿಕ್ ಚಂಡಮಾರುತ ಋತು ನವೆಂಬರ್ 30ಕ್ಕೆ ಮುಗಿದಿದೆ. 2015ರ ನಂತರ ಇದೇ ಮೊದಲ ಸಲ ಒಂದೇ ಒಂದು ಹರಿಕೇನ್ ಕೂಡ ಅಮೆರಿಕದ ನೆಲಕ್ಕೆ ಅಪ್ಪಳಿಸಿಲ್ಲ. ಆದರೆ ಅದರಿಂದ ಅವನು ತೆಗೆದ ತೀರ್ಮಾನ ಇದೆಯಲ್ಲ, ಅದು ತಪ್ಪು. ಅವನೊಬ್ಬನ ತಪ್ಪಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸರ್ಕಾರಗಳೂ ಹೀಗೇ ಯೋಚಿಸುತ್ತವೆ.

ಈ ವರ್ಷದ ಲೆಕ್ಕ

ಗಾಳಿಯ ವೇಗ ಗಂಟೆಗೆ 63 ಕಿ.ಮೀ. ಮುಟ್ಟಿದರೆ ಚಂಡಮಾರುತಕ್ಕೆ ಹೆಸರು ಸಿಗುತ್ತದೆ. 119 ದಾಟಿದರೆ ಅದು ಹರಿಕೇನ್. ವರ್ಷಕ್ಕೆ ಸರಾಸರಿ 14 ಚಂಡಮಾರುತಗಳಿಗೆ ಹೆಸರು ಬೀಳುತ್ತದೆ, ಅವುಗಳಲ್ಲಿ 7 ಹರಿಕೇನ್ ಆಗುತ್ತವೆ. 2025ರಲ್ಲಿ ಹೆಸರು ಬಿದ್ದದ್ದು 13ಕ್ಕೆ, ಹರಿಕೇನ್ ಆದದ್ದು 5. ಹಾಗಾಗಿ ಸಂಖ್ಯೆ ನೋಡಿದರೆ ಸರಾಸರಿಗಿಂತ ಕಡಿಮೆಯೇ. ಋತು ಉತ್ತುಂಗದಲ್ಲಿರುವ ಸೆಪ್ಟೆಂಬರ್ ಮೊದಲಾರ್ಧದಲ್ಲಿ ಒಂದೂ ಹೊಸ ಹೆಸರಿಲ್ಲದೆ ಸಮುದ್ರ ಸುಮ್ಮನಿತ್ತು.

ಈಗ ಇನ್ನೊಂದು ಲೆಕ್ಕ ನೋಡಿ. ಆ ಐದರಲ್ಲಿ ಮೂರು, ಎರಿನ್, ಹಂಬರ್ಟೊ ಮತ್ತು ಮೆಲಿಸ್ಸಾ, ಅತಿ ತೀವ್ರವಾದ ಐದನೇ ವರ್ಗಕ್ಕೆ ಏರಿದವು. ಒಂದೇ ವರ್ಷದಲ್ಲಿ ಇದಕ್ಕಿಂತ ಹೆಚ್ಚು ದಾಖಲಾಗಿರುವುದು 2005ರಲ್ಲಿ ಮಾತ್ರ. ಎಂಜಿನಿಯರಿಂಗ್‌ನಲ್ಲಿ ಕಲಿತದ್ದರಲ್ಲಿ ಇನ್ನೂ ನೆನಪಿರುವ ಕೆಲವೇ ವಿಷಯಗಳಲ್ಲಿ ಒಂದು: ಗಾಳಿ ಗೋಡೆಯ ಮೇಲೆ ಹಾಕುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಅಕ್ಟೋಬರ್ 28ರಂದು ಜಮೈಕಾಗೆ ಅಪ್ಪಳಿಸಿದ ಮೆಲಿಸ್ಸಾದ ವೇಗ ಗಂಟೆಗೆ ಸುಮಾರು 295 ಕಿ.ಮೀ. ಹರಿಕೇನ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗಕ್ಕೆ ಹೋಲಿಸಿದರೆ ಒತ್ತಡ ಆರು ಪಟ್ಟು. ಪಟ್ಟಿಯಲ್ಲಿ ಮಾತ್ರ ಎರಡೂ 'ಒಂದೊಂದು ಹರಿಕೇನ್'.

ಜಮೈಕಾದಲ್ಲಿ ಆದ ಭೌತಿಕ ಹಾನಿಯನ್ನು ವಿಶ್ವಬ್ಯಾಂಕ್ 8.8 ಬಿಲಿಯನ್ ಡಾಲರ್ ಎಂದು ಅಂದಾಜಿಸಿದೆ. ಅಂದರೆ ಆ ದೇಶದ ಒಂದು ವರ್ಷದ ಜಿಡಿಪಿಯ ಶೇ. 41. ಹೈಟಿಯ ಕಥೆ ಇನ್ನೂ ವಿಚಿತ್ರ. ಚಂಡಮಾರುತದ ಕೇಂದ್ರ ಅಲ್ಲಿಗೆ ಹೋಗಲೇ ಇಲ್ಲ. ಆದರೂ ದಿನಗಟ್ಟಲೆ ಸುರಿದ ಮಳೆಗೆ ನದಿ ಉಕ್ಕಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಇವರಿಗೆ 'ಈ ಸೀಸನ್ ತಣ್ಣಗಿತ್ತು' ಅಂತ ಹೇಳೋಕಾಗುತ್ತಾ?

ಹಿಂದೆಯೂ ಹೀಗೇ ಆಗಿತ್ತು

1992ರಲ್ಲಿ ಹೆಸರು ಬಿದ್ದದ್ದು ಬರೀ ಆರು ಚಂಡಮಾರುತಗಳಿಗೆ. ಆಗಸ್ಟ್ ಅರ್ಧ ಕಳೆದರೂ ಒಂದೂ ಇರಲಿಲ್ಲ. ಆಗಸ್ಟ್ 17ರಂದು ಬಿದ್ದ ಮೊದಲ ಹೆಸರೇ ಆಂಡ್ರ್ಯೂ. ಅದು ಏಳೇ ದಿನಗಳಲ್ಲಿ ದಕ್ಷಿಣ ಫ್ಲೋರಿಡಾಗೆ ಐದನೇ ವರ್ಗದ ಹರಿಕೇನ್ ಆಗಿ ನುಗ್ಗಿ 25 ಸಾವಿರಕ್ಕೂ ಹೆಚ್ಚು ಮನೆಗಳನ್ನು ನೆಲಸಮ ಮಾಡಿತು. ಹಲವು ವಿಮಾ ಕಂಪನಿಗಳು ದಿವಾಳಿಯೆದ್ದವು. ಮನೆ ಕಟ್ಟುವಾಗ ನಿಯಮ ಗಾಳಿಗೆ ತೂರಿದ್ದು ಬಯಲಾಗಿ, 2002ರಲ್ಲಿ ಇಡೀ ಫ್ಲೋರಿಡಾಗೆ ಒಂದೇ ಕಟ್ಟಡ ಸಂಹಿತೆ ಜಾರಿಗೆ ಬಂತು.

1983ರಲ್ಲಿ ಬಂದದ್ದು ಇನ್ನೂ ಕಡಿಮೆ, ನಾಲ್ಕೇ ನಾಲ್ಕು. ಮೊದಲನೆಯದು ಅಲಿಸಿಯಾ. ಅದು ಬಡಿದದ್ದು ಗ್ಯಾಲ್ವೆಸ್ಟನ್-ಹೂಸ್ಟನ್‌ಗೆ, ಅಂದರೆ ನನ್ನ ಗೆಳೆಯನ ಊರಿಗೇ. ತಾರಸಿಗಳ ಮೇಲೆ ಹರಡಿದ್ದ ಜಲ್ಲಿಕಲ್ಲು ಗಾಳಿಗೆ ಹಾರಿ ಗಗನಚುಂಬಿ ಕಟ್ಟಡಗಳ ಗಾಜುಗಳನ್ನು ಪುಡಿ ಮಾಡಿತ್ತು. 21 ಜನ ಸತ್ತರು.

ಇದಕ್ಕೆ ತದ್ವಿರುದ್ಧ 2010. ಆ ವರ್ಷ 19 ಚಂಡಮಾರುತಗಳು, 12 ಹರಿಕೇನ್‌ಗಳು. ಅಮೆರಿಕಕ್ಕೆ ಹರಿಕೇನ್ ಆಗಿ ಅಪ್ಪಳಿಸಿದ್ದು ಸೊನ್ನೆ.

ಎಷ್ಟು ಚಂಡಮಾರುತ ಹುಟ್ಟುತ್ತವೆ ಅನ್ನುವುದನ್ನು ಸಮುದ್ರದ ಬಿಸಿ, ಎಲ್ ನಿನೊ, ಮೇಲ್ಮಟ್ಟದ ಗಾಳಿಯಂಥ ದೊಡ್ಡ ಸಂಗತಿಗಳು ನಿರ್ಧರಿಸುತ್ತವೆ. ಅದನ್ನು ತಿಂಗಳುಗಳ ಮೊದಲೇ ಒಂದಷ್ಟು ಊಹಿಸಬಹುದು. ಯಾವುದು ಯಾರ ಊರಿಗೆ ಹೋಗುತ್ತದೆ ಅನ್ನುವುದು ಆಯಾ ವಾರದ ಗಾಳಿಯ ದಿಕ್ಕಿನ ಪ್ರಶ್ನೆ. ಈ ಸೆಪ್ಟೆಂಬರ್ ಕೊನೆಯಲ್ಲಿ ಇಮೆಲ್ಡಾ ಅಮೆರಿಕದ ಆಗ್ನೇಯ ಕರಾವಳಿಯತ್ತ ಸಾಗುವ ಆತಂಕವಿತ್ತು. ಪಕ್ಕದಲ್ಲೇ ಇದ್ದ ಹಂಬರ್ಟೊ ಅದನ್ನು ಸಮುದ್ರದ ಕಡೆಗೆ ಎಳೆದುಕೊಂಡಿತು. ಇದು ಸಿದ್ಧತೆಯ ಫಲವಲ್ಲ, ಅದೃಷ್ಟ.

ಅದೃಷ್ಟವನ್ನೇ ನೀತಿ ಮಾಡಿಕೊಂಡರೆ?

ಇದು ರಾಜಕೀಯ ಪ್ರಶ್ನೆಯಾಗುವುದು ಇಲ್ಲೇ. ಅಮೆರಿಕದ ಹವಾಮಾನ ಸಂಸ್ಥೆ ನೋವಾ ಈ ವರ್ಷದ ಆರಂಭದಲ್ಲಿ ನೂರಾರು ಸಿಬ್ಬಂದಿಯನ್ನು ಕಳೆದುಕೊಂಡಿತು. ವಿಪತ್ತು ಪರಿಹಾರ ಸಂಸ್ಥೆ ಫೆಮಾವನ್ನು ಈ ಋತು ಮುಗಿದ ಮೇಲೆ ಹಂತಹಂತವಾಗಿ ಕೈಬಿಡುವ ಮಾತನ್ನು ಟ್ರಂಪ್ ಜೂನ್‌ನಲ್ಲಿ ಆಡಿದ್ದರು. ಹರಿಕೇನ್ ಬಾರದ ಒಂದು ವರ್ಷ ಅಂಥ ವಾದಕ್ಕೆ ಸಿಕ್ಕ ಉಡುಗೊರೆ. 'ನೋಡಿ, ಇವರಿಲ್ಲದೆಯೂ ಏನಾಯ್ತು?' ಅಂತ ಕೇಳುವುದು ಸುಲಭ. ಹೆಲ್ಮೆಟ್ ಇಲ್ಲದೆ ಮನೆ ಸೇರಿದವನು ಹೆಲ್ಮೆಟ್ ಬೇಡ ಅಂದ ಹಾಗೆ.

ನಾವೂ ಇದಕ್ಕೆ ಹೊರತಲ್ಲ. 'ವಾಡಿಕೆಗಿಂತ ಮಳೆ ಕಡಿಮೆ' ಎಂಬ ಸುದ್ದಿ ಓದುತ್ತಿದ್ದ 2019ರಲ್ಲೇ ಆಗಸ್ಟ್‌ನ ಕೆಲವು ದಿನಗಳು ಬೆಳಗಾವಿ, ಬಾಗಲಕೋಟೆಯ ಊರುಗಳನ್ನು ಮುಳುಗಿಸಿದವು.

ಸಂಖ್ಯೆಯನ್ನು ನಂಬದೆ ಮಾಡಿದ ಒಂದು ಕೆಲಸವೂ ಇದೆ. ಜಮೈಕಾ ಮೊದಲೇ ವಿಪತ್ತು ಬಾಂಡ್ ಮಾಡಿಸಿಟ್ಟಿತ್ತು. ಋತುವಿನಲ್ಲಿ ಎಷ್ಟು ಚಂಡಮಾರುತ ಬಂದವು ಎಂಬುದು ಅದಕ್ಕೆ ಬೇಕಿಲ್ಲ. ದ್ವೀಪದ ಮೇಲೆ ಹಾದುಹೋಗುವ ಚಂಡಮಾರುತದ ಕೇಂದ್ರದ ಒತ್ತಡ ನಿಗದಿತ ಮಟ್ಟಕ್ಕಿಂತ ಕುಸಿದರೆ ಹಣ ಬರುತ್ತದೆ. ಮೆಲಿಸ್ಸಾ ನಂತರ 15 ಕೋಟಿ ಡಾಲರ್ ಪೂರ್ತಿ ಸಿಕ್ಕಿತು. 8.8 ಬಿಲಿಯನ್ ಹಾನಿಯ ಮುಂದೆ ಅದು ಎರಡು ಪರ್ಸೆಂಟೂ ಇಲ್ಲ ಅನ್ನುವುದು ಬೇರೆ ಮಾತು. ಇಂಗಾಲ ಸುಟ್ಟು ಸಮುದ್ರ ಬಿಸಿ ಮಾಡಿದ ದೇಶಗಳು ಉಳಿದದ್ದಕ್ಕೆ ಉತ್ತರ ಕೊಡಬೇಕು.

ಗೆಳೆಯನಿಗೆ ಇಷ್ಟು ಬರೆದೆ: "ನಿಮ್ಮೂರಲ್ಲಿ ಮಾಮೂಲಿ ಮನೆ ವಿಮೆ ಪ್ರವಾಹಕ್ಕೆ ದುಡ್ಡು ಕೊಡಲ್ಲ. ಸರ್ಕಾರಿ ಫ್ಲಡ್ ಪಾಲಿಸಿ ಹೊಸದಾಗಿ ತಗೊಂಡ್ರೆ ಜಾರಿಗೆ ಬರೋಕೆ ಸಾಮಾನ್ಯವಾಗಿ 30 ದಿನ ಬೇಕು. ಆಂಡ್ರ್ಯೂಗೆ ಹೆಸರು ಬಿದ್ದು ಅಪ್ಪಳಿಸೋಕೆ ಏಳು ದಿನ ಸಾಕಾಗಿತ್ತು. ಲೆಕ್ಕ ನೀನೇ ಹಾಕು ಮಗಾ."