ಸರ್ಫೇಸ್ ಕೋಡ್

ಸರ್ಫೇಸ್ ಕೋಡ್ ಎಂಬುದು ಕ್ವಾಂಟಮ್ ಕಂಪ್ಯೂಟರ್‌ಗಳಲ್ಲಿ ಉಂಟಾಗುವ ದೋಷಗಳನ್ನು ತಿದ್ದಲು ಬಳಸುವ, ಚೌಕಜಾಲವನ್ನು ಆಧರಿಸಿದ ವಿಧಾನ. ರಷ್ಯಾ ಮೂಲದ ಭೌತವಿಜ್ಞಾನಿ ಅಲೆಕ್ಸೆಯ್ ಕಿಟಾಯೆವ್ ಅವರು 1997ರಲ್ಲಿ ರೂಪಿಸಿದ ಟೋರಿಕ್ ಕೋಡ್‌ನಿಂದ ಇದು ಬೆಳೆದುಬಂದಿದೆ.

ಸಾಮಾನ್ಯ ಗಣಕದಲ್ಲಿ ಒಂದು ಬಿಟ್‌ಗೆ ಮೂರು ಪ್ರತಿಗಳನ್ನಿಟ್ಟು, ಬಹುಮತವನ್ನು ನೋಡಿ ತಪ್ಪನ್ನು ತಿದ್ದಬಹುದು. ಕ್ಯೂಬಿಟ್‌ಗೆ ಈ ಉಪಾಯ ಒದಗದು. ಅದರ ಅಜ್ಞಾತ ಸ್ಥಿತಿಯನ್ನು ನಕಲು ಮಾಡಲಾಗದು. ಅಳೆಯಹೊರಟರೆ ಸ್ಥಿತಿಯೇ ಕೆಡುತ್ತದೆ. ಆದ್ದರಿಂದ ಒಂದು ತಾರ್ಕಿಕ ಕ್ಯೂಬಿಟ್‌ನ ಮಾಹಿತಿಯನ್ನು ಅನೇಕ ಭೌತಿಕ ಕ್ಯೂಬಿಟ್‌ಗಳ ಮೇಲೆ ಹರಡಲಾಗುತ್ತದೆ. ಇವುಗಳ ನಡುವೆ ಪರೀಕ್ಷಕ ಕ್ಯೂಬಿಟ್‌ಗಳಿರುತ್ತವೆ. ಅವು ನೆರೆಯ ನಾಲ್ಕು ಕ್ಯೂಬಿಟ್‌ಗಳ (ಅಂಚಿನಲ್ಲಾದರೆ ಎರಡರ) ಬಿಡಿ ಮೌಲ್ಯಗಳನ್ನು ಕೇಳದೆ, ಒಟ್ಟಿನ ಸಮ-ಬೆಸವನ್ನಷ್ಟೇ ಅಳೆಯುತ್ತವೆ. ಕ್ಯೂಬಿಟ್‌ನಲ್ಲಿ ಮೌಲ್ಯ ತಿರುಗುವುದು, ಪ್ರಾವಸ್ಥೆ ತಿರುಗುವುದು ಎಂದು ಎರಡು ಬಗೆಯ ದೋಷಗಳಿರುವುದರಿಂದ ಪರೀಕ್ಷಕಗಳಲ್ಲೂ ಎರಡು ಬಗೆಯಿದ್ದು, ಚದುರಂಗದ ಮಣೆಯ ಕಪ್ಪು-ಬಿಳಿ ಮನೆಗಳಂತೆ ಹರಡಿರುತ್ತವೆ. ಸಮ-ಬೆಸ ಬದಲಾದ ಜಾಗಗಳನ್ನು ಗಮನಿಸಿ, ದೋಷ ಎಲ್ಲಿ ಸಂಭವಿಸಿರಬೇಕೆಂದು ಸಾಮಾನ್ಯ ಗಣಕವೊಂದು ಊಹಿಸುತ್ತದೆ.

ಜಾಲವನ್ನು ಹಿಗ್ಗಿಸಿದಷ್ಟೂ ರಕ್ಷಣೆ ಹೆಚ್ಚುತ್ತದೆಂದು ಭಾವಿಸಬಾರದು. ಸೇರಿಸಿದ ಪ್ರತಿಯೊಂದು ಕ್ಯೂಬಿಟ್ ಕೂಡ ತಪ್ಪಬಲ್ಲದು. ಕಾವಲುಗಾರರೇ ಕಳ್ಳರಾದರೆ ಅವರ ಸಂಖ್ಯೆ ಹೆಚ್ಚಿಸಿ ಫಲವಿಲ್ಲ. ಪ್ರತಿ ಕ್ರಿಯೆಯ ದೋಷದ ಪ್ರಮಾಣ ಸುಮಾರು ಶೇ. 1ಕ್ಕಿಂತ ಕೆಳಗಿದ್ದರೆ ಮಾತ್ರ ದೊಡ್ಡ ಜಾಲದಿಂದ ಲಾಭ. 2024ರಲ್ಲಿ ಗೂಗಲ್ ಸಂಸ್ಥೆಯ ವಿಲೋ ಚಿಪ್‌ನಲ್ಲಿ ಜಾಲದ ಬದಿಯನ್ನು 3ರಿಂದ 5ಕ್ಕೆ, ಬಳಿಕ 7ಕ್ಕೆ ಏರಿಸಿದಾಗ ತಾರ್ಕಿಕ ದೋಷ ಪ್ರತಿ ಬಾರಿಯೂ ಸರಿಸುಮಾರು ಅರ್ಧಕ್ಕೆ ಇಳಿಯಿತು. ಕೊನೆಯದಕ್ಕೆ 101 ಕ್ಯೂಬಿಟ್‌ಗಳು ಬೇಕಾದವು. ಅಷ್ಟರಿಂದ ಕಾಪಾಡಿದ್ದು ಒಂದೇ ತಾರ್ಕಿಕ ಕ್ಯೂಬಿಟ್‌ನ ಸ್ಮೃತಿಯನ್ನು. ಅದರಿಂದ ಲೆಕ್ಕ ಮಾಡಿಸಿರಲಿಲ್ಲ.